ರಸ್ತೆಯಲ್ಲಿ ಕೂರುವ ಶಾಸ್ತ್ರ

ಮೊನ್ನೆ ಹೊಸನಗರದಲ್ಲಿ ನನ್ನ ತಂಗಿಯ ಕಿರಿಯ ಮಗನ ಮದುವೆ. ಬೆಳಗಿನ ದಿಬ್ಬಣ ಬಸ್ ಸ್ಟ್ಯಾಂಡಿನಿಂದ ಛತ್ರಕ್ಕೆ ಹೊರಟಿತ್ತು. ಎಲ್ಲವೂ ಹೊತ್ತಿಗೆ ಸರಿಯಾಗಿ ನಡೆಯುತ್ತಿದೆ ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಬ್ಯಾಂಡಿನವರು ನಡುರಸ್ತೆಯಲ್ಲಿ ಸಾಲಾಗಿ ಕುಳಿತುಬಿಟ್ಟರು. ಕ್ಲಾರಿನೆಟ್ಟಿನವನೊಬ್ಬ ಮಾತ್ರ ನಿಂತು ಊದತೊಡಗಿದ. ಅವರ ಹಿಂದೆ ನೆಂಟರು ಕುಳಿತರು. ಹೆಂಗಸರು ರೇಷ್ಮೆ ಸೀರೆಯ ನೆರಿಗೆ ಒತ್ತಿ ಹಿಡಿದು ಕುಳಿತರು. ಮದುಮಗನ ಜೀಪು ನಿಂತಿತು, ಅದರ ಹಿಂದೆ ಶಿವಮೊಗ್ಗದ ಬಸ್ಸು ನಿಂತಿತು.

ಹುಡುಗಿಯ ತಂದೆ ಬ್ಯಾಂಕಿನ ಕೆಲಸದ ಮೇಲೆ ಬಯಲುಸೀಮೆಯಿಂದ ಬಂದು ಇಲ್ಲಿಯೇ ನೆಲೆಸಿದವರು. ಎದುರುಗೊಳ್ಳಲು ಬಂದಿದ್ದ ಅವರು ಕೈಯಲ್ಲಿ ಹಾರ ಹಿಡಿದುಕೊಂಡೇ ನನ್ನ ಬಳಿ ಬಂದರು.

"ಏನ್ ಸಾರ್ ಇದು, ಯಾರಿಗಾದ್ರೂ ಹುಷಾರಿಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ನನ್ನ ತಂಗಿ ನೆಲದ ಮೇಲಿಂದ ಹೇಳಿದಳು. "ಶಾಸ್ತ್ರ ಬೀಗ್ರೇ. ನಮ್ಮ ಕಡೆ ಹಿಂದಿನಿಂದ ಬಂದದ್ದು."

ಹಿಂದಿನಿಂದ ಬಂದದ್ದಲ್ಲ. ಅದು ಯಾರಿಂದ ಬಂತು, ಯಾವ ಊರಿನ ಯಾವ ರಸ್ತೆಯಲ್ಲಿ ಶುರುವಾಯಿತು ಎಂಬುದು ನನಗೆ ಚೆನ್ನಾಗಿ ಗೊತ್ತು. ತಂದವರು ಕೆನಡಾ ದೇಶದ ಒಬ್ಬ ಸಾಹೇಬರು. ಅವರು ತೀರಿಕೊಂಡ ಸುದ್ದಿ ಈ ಮದುವೆಗೆ ಸ್ವಲ್ಪ ಮೊದಲು ಜೋಗದ ಹಳೆಯ ಸಹೋದ್ಯೋಗಿಯೊಬ್ಬರಿಂದ ತಿಳಿಯಿತು. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳ ಮದುವೆಗಳನ್ನು ಇಷ್ಟು ವರ್ಷ ತಡಮಾಡಿಸುತ್ತ ಬಂದ ಮನುಷ್ಯನ ಬಗ್ಗೆ ಯಾರಾದರೂ ನಾಲ್ಕು ಮಾತು ಬರೆಯಬೇಕು. ನಾನು ಬರೆಯುತ್ತೇನೆ. ಹೊಗಳಲು ಕುಳಿತಿದ್ದೇನೆ ಎಂದು ಮಾತ್ರ ಯಾರೂ ತಿಳಿಯಬಾರದು.

ಅರವತ್ತರ ದಶಕದಲ್ಲಿ ನಾನು ಜೋಗದಲ್ಲಿ ವಿದ್ಯುತ್ ಕಾಮಗಾರಿಯ ಟೈಮ್ ಆಫೀಸಿನಲ್ಲಿದ್ದೆ. ಪಾಳಿ ಬದಲಾಗುವಾಗ ಸೈರನ್ ಕೂಗಿಸುವುದು, ಬಂದವರ ಹೋದವರ ಹಾಜರಿ ನೋಡುವುದು ನನ್ನ ಕೆಲಸ. ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ ವಿದ್ಯಾರ್ಥಿನಿಲಯದಲ್ಲಿ ಬೆಳೆದವನಿಗೆ ಅದು ಹೇಳಿ ಮಾಡಿಸಿದ ಕೆಲಸವಾಗಿತ್ತು. ಯಂತ್ರ ಜೋಡಿಸಲೆಂದು ಬಂದಿದ್ದ ಪರದೇಶದವರಲ್ಲಿ ಈ ಸಾಹೇಬರೂ ಒಬ್ಬರು. ಐವತ್ತರ ಹತ್ತಿರದ ವಯಸ್ಸು, ದಪ್ಪ ಶರೀರ, ಕೆಂಪು ಕತ್ತು. ಕೆಲಸದಲ್ಲಿ ಯಾರೂ ಬೆರಳು ತೋರಿಸುವಂತಿರಲಿಲ್ಲ. ಕೆಲಸ ಬಿಟ್ಟ ಮೇಲೆ ತೊಂದರೆ.

ಅವರು ಕನ್ನಡ ಕಲಿತದ್ದು ಖಲಾಸಿಗಳಿಂದ. ಹಾಗಾಗಿ ಅವರಿಗೆ 'ನೀವು' ಎಂಬ ಮಾತೇ ಗೊತ್ತಿರಲಿಲ್ಲ. ದೊಡ್ಡ ಇಂಜಿನಿಯರರು ಹೆಂಡತಿಯೊಡನೆ ವಾಕಿಂಗ್ ಬಂದರೆ, "ಬಾ, ಕೂತ್ಕೋ, ಊಟ ಆಯ್ತಾ ನಿಂದು?" ಎಂದು ಕರೆಯುತ್ತಿದ್ದರು. ಆ ಅಮ್ಮನವರು ನಗುತ್ತಿದ್ದರು, ಇಂಜಿನಿಯರರು ನನ್ನ ಕಡೆ ನೋಡುತ್ತಿದ್ದರು, ಕಲಿಸಿದವನು ನಾನೇ ಎಂಬಂತೆ. ನನ್ನ ಹೆಸರನ್ನು ಅವರು ಒಮ್ಮೆಯೂ ಹೇಳಲಿಲ್ಲ. ಟೈಮ್ ಆಫೀಸಿನವನಾದ್ದರಿಂದ ನಾನು 'ಟೈಮ್'. "ಏ ಟೈಮ್, ಬಾ ಇಲ್ಲಿ." ಕಾಲೋನಿಯ ಮಕ್ಕಳು ಅದನ್ನೇ ಹಿಡಿದುಕೊಂಡು ನನ್ನನ್ನು ಟೈಮ್ ಮಾಮ ಎಂದರು. ಸಾಗರದ ನಮ್ಮ ಮನೆಗೂ ಆ ಹೆಸರು ಬಂದು ಸೇರಿತು.

ಅವರ ಹತ್ತಿರ ಒಂದು ಟ್ರಾಂಬೋನ್ ಇತ್ತು. ಹಿತ್ತಾಳೆಯ ವಾದ್ಯ, ಅದರ ಕೊಳವೆಯನ್ನು ಮುಂದಕ್ಕೂ ಹಿಂದಕ್ಕೂ ಎಳೆದು ಊದುವುದು. ಸಂಜೆ ಪಾಳಿ ಬಿಡುವ ಹೊತ್ತಿಗೆ ನಾನು ಸೈರನ್ ಒತ್ತಿದರೆ, ಅವರು ಹೊರಗೆ ನಿಂತು ಅದರ ಜೊತೆಗೇ ಟ್ರಾಂಬೋನ್ ಎಳೆಯುತ್ತಿದ್ದರು. ಸೈರನ್ ಏರಿದಂತೆ ಅದೂ ಏರುವುದು, ಇಳಿದಂತೆ ಇಳಿಯುವುದು. ಸೈರನ್ ನಿಂತ ಮೇಲೂ ಅವರದು ನಿಲ್ಲುತ್ತಿರಲಿಲ್ಲ. ಪಾಳಿ ಬಿಟ್ಟಿತೋ ಇಲ್ಲವೋ ಎಂದು ಜನ ಬಾಗಿಲಲ್ಲೇ ನಿಂತು ನಗುತ್ತಿದ್ದರು.

"ಸಾಹೇಬ್ರೆ, ಇದು ಸರ್ಕಾರಿ ಸೈರನ್ನು," ಎಂದೆ ಒಂದು ದಿನ.

"ಹೌದು ಟೈಮ್. ಅದಕ್ಕೇ ಶ್ರುತಿ ಇಲ್ಲ. ಪಾಪ, ಒಂಟಿ ಅದು," ಎಂದರು.

ಇಂಥವರ ಜೊತೆ ಏನು ಮಾತಾಡುವುದು.

ಅವರ ಹಿಂದಿನ ಕಥೆ ನನಗೆ ಗೊತ್ತಾದದ್ದು ತಾಳಗುಪ್ಪದ ರೈಲಿನಲ್ಲಿ. ಭಾನುವಾರ ನಾನು ಸಾಗರಕ್ಕೆ ಮನೆಗೆ ಹೋಗುವಾಗ ಅವರೂ ಕೆಲವು ಸಲ ಜೊತೆಗೆ ಬರುತ್ತಿದ್ದರು. ಜೀಪು ಬಿಟ್ಟು ರೈಲಿನಲ್ಲಿ ಯಾಕೆ ಬರುತ್ತೀರಿ ಎಂದು ಕೇಳಿದರೆ, ಹಳಿಯ ತಾಳ ಕೇಳಬೇಕು ಎನ್ನುತ್ತಿದ್ದರು. ಆ ರೈಲು ನಡೆಯುವ ಚೆಂದಕ್ಕೆ ಅದರಲ್ಲಿ ತಾಳ ಹುಡುಕಲು ಬಹಳ ತಾಳ್ಮೆ ಬೇಕಿತ್ತು.

ಅವರ ಊರಿನಲ್ಲಿ ದೊಡ್ಡ ಸರೋವರ, ಅದರ ದಡದಲ್ಲಿ ಮರದ ನೆಲ ಹಾಸಿದ ಕುಣಿತದ ಹಾಲ್. ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟುತ್ತದೆ, ಬೇಸಿಗೆಯಲ್ಲಿ ಜನ ಕಿಕ್ಕಿರಿದು ಬಂದು ಕುಣಿಯುತ್ತಾರೆ. ಅಲ್ಲಿ ನುಡಿಸುತ್ತಿದ್ದ ದೊಡ್ಡ ಬ್ಯಾಂಡಿಗೆ ಇವರು ನಾಯಕರು. ಹದಿನಾರು ಜನ. ಜಾಝ್ ಎಂದು ಆ ಸಂಗೀತಕ್ಕೆ ಹೆಸರು. ಬಿಳಿ ಕೋಟು ಹಾಕಿ ಬಸ್ಸಿನಲ್ಲಿ ಊರೂರು ತಿರುಗಿದ್ದಾರೆ, ರೇಡಿಯೋದಲ್ಲಿ ನುಡಿಸಿದ್ದಾರೆ. ಪಾಕೀಟಿನಿಂದ ಒಂದು ಫೋಟೋ ತೆಗೆದು ತೋರಿಸಿದರು. ಹದಿನೈದು ಜನ ಕುರ್ಚಿಯಲ್ಲಿ ಕುಳಿತಿದ್ದರು. ಇವರು ಎದುರು ನಿಂತಿದ್ದರು, ಬೆನ್ನು ಮಾತ್ರ ಕಾಣುತ್ತಿತ್ತು.

"ಜನರಿಗೆ ಬೆನ್ನು ಹಾಕಿ ನಿಲ್ಲೋದಾ?" ಎಂದೆ.

"ಬ್ಯಾಂಡಿಗೆ ಮುಖ ತೋರ್ಸಬೇಕಲ್ಲ," ಎಂದರು. ಆಮೇಲೆ ಒಬ್ಬೊಬ್ಬರ ಮೇಲೆ ಬೆರಳಿಟ್ಟು ಹೇಳಿದರು. ಇವನು ಈಗ ಚಪ್ಪಲಿ ಅಂಗಡಿಯಲ್ಲಿದ್ದಾನೆ, ಇವನು ಹಾಲಿನ ವ್ಯಾನು ಓಡಿಸುತ್ತಾನೆ, ಇವನು ಸತ್ತ.

ಮನೆಮನೆಗೆ ಟೆಲಿವಿಷನ್ ಬಂತಂತೆ, ಹುಡುಗರಿಗೆ ಬೇರೆ ಸಂಗೀತ ಹಿಡಿಸಿತಂತೆ. ಅಷ್ಟು ಜನರನ್ನು ಸಾಕುವ ಕುಣಿತದ ಹಾಲ್ ಎಲ್ಲೂ ಉಳಿಯಲಿಲ್ಲ. ಕೊನೆಯ ಸಲ ನುಡಿಸಿದಾಗ ಕುಣಿಯುವವರಿಗಿಂತ ಬ್ಯಾಂಡಿನವರೇ ಹೆಚ್ಚಿದ್ದರು. ಆಗ ಇವರು ಎಲ್ಲರಿಗೂ ಹೇಳಿದರಂತೆ, ಇವತ್ತು ಒಬ್ಬೊಬ್ಬರೇ ಎದ್ದು ನಿಲ್ಲಿ, ನಿಮ್ಮದು ಮುಗಿಯುವ ತನಕ ನುಡಿಸಿ, ನಾನು ಕೈ ತೋರಿಸಿ ನಿಲ್ಲಿಸುವುದಿಲ್ಲ ಎಂದು. ಸರೋವರದ ದಡದ ಆ ಹಾಲ್ ಈಗ ಆಲೂಗಡ್ಡೆಯ ಗೋದಾಮಾಗಿದೆ. ಇವರು ಮೊದಲು ಕಲಿತಿದ್ದ ಫಿಟ್ಟರ್ ಕೆಲಸಕ್ಕೆ ಮರಳಿದರು. ಇದನ್ನೆಲ್ಲ ಹೇಳುವಾಗಲೂ ಅವರ ಬೆರಳು ಕಿಟಕಿಯ ಸರಳಿನ ಮೇಲೆ ಟಕಟಕ ಬಡಿಯುತ್ತಲೇ ಇತ್ತು. ಎದುರಿನ ಸೀಟಿನ ಮುದುಕರೊಬ್ಬರು ತಲೆನೋವೆಂದು ಎದ್ದು ಬೇರೆ ಡಬ್ಬಿಗೆ ಹೋದರು.

ಇಂಥವರು ಸುಮ್ಮನಿರುವುದುಂಟೇ. ಸಾಗರದಲ್ಲಿ ಮದುವೆ ದಿಬ್ಬಣಗಳಿಗೆ ಹೋಗುವ ಒಂದು ಬ್ಯಾಂಡ್ ಸೆಟ್ ಇತ್ತು. ಸಾಹೇಬರು ಅದನ್ನು ಒಂದು ಸಲ ರಸ್ತೆಯಲ್ಲಿ ಕೇಳಿದರು. ಮುಂದಿನ ವಾರದಿಂದ ಅವರೆಲ್ಲ ಬಿಡುವಿದ್ದಾಗ ಜೋಗಕ್ಕೆ ಬರತೊಡಗಿದರು. ಕಾಲೋನಿಯ ಒಂದು ಖಾಲಿ ಶೆಡ್ಡಿನಲ್ಲಿ ಅಭ್ಯಾಸ. ಇಂಗ್ಲಿಷ್ ಬಲ್ಲವನೆಂದು ಅದರ ಮೇಲ್ವಿಚಾರಣೆ ನನ್ನ ತಲೆಗೆ ಬಂತು. ಕ್ಲಬ್ಬಿನಿಂದ ಕುರ್ಚಿ ತರಿಸುವುದು, ವಾಪಸು ಕಳಿಸುವುದು, ಅಭ್ಯಾಸ ಹೊತ್ತಿಗೆ ಮುಗಿಸುವುದು. ಮೊದಲ ಎರಡನ್ನು ಮಾಡಿದೆ. ಮೂರನೆಯದು ನನ್ನ ಕೈಯಲ್ಲಿ ಎಂದೂ ಆಗಲಿಲ್ಲ.

ಸಾಹೇಬರ ನಿಯಮ ಒಂದೇ. ಎಲ್ಲರೂ ಕುಳಿತು ನುಡಿಸಬೇಕು. ಒಬ್ಬನ ಸರದಿ ಬಂದಾಗ ಅವನು ಎದ್ದು ನಿಂತು ಒಬ್ಬನೇ ನುಡಿಸಬೇಕು. ಕಾಗದದಲ್ಲಿ ಬರೆದದ್ದನ್ನಲ್ಲ, ಅವನಿಗೆ ಆಗ ತೋಚಿದ್ದನ್ನು. ಉಳಿದವರು ಕೂತೇ ಇರಬೇಕು. ಅವನು ಮುಗಿಸುವ ತನಕ ಯಾರೂ ಏಳುವಂತಿಲ್ಲ.

"ಒಂದು ಹಾಡಿಗೆ ಇಷ್ಟು ಹೊತ್ತು ಅಂತ ಇರಬೇಕಲ್ಲ ಸಾಹೇಬ್ರೆ. ಮುಗಿಯೋದು ಯಾವಾಗ?"

"ಅವನಿಗೆ ಮುಗಿದಾಗ."

ಡ್ರಮ್ಮಿನ ಹುಸೇನ್ ಸಾಬರಿಗೆ ಇದು ಬಹಳ ಹಿಡಿಸಿತು. ಅವರು ಎದ್ದರೆ ಕೂರುವ ಮಾತೇ ಇಲ್ಲ. ಟ್ರಂಪೆಟ್ಟಿನ ರಾಮಣ್ಣನೂ ಹಾಗೇ. ಎದ್ದು ನಿಲ್ಲದೆ ಉಳಿದವನು ಅಂತೋಣಿ ಒಬ್ಬನೇ. ಕ್ಲಾರಿನೆಟ್ ಅವನದು. ರಾಮಣ್ಣನ ಟ್ರಂಪೆಟ್ಟಿನ ಅಬ್ಬರದ ಹಿಂದೆ ಅಷ್ಟು ವರ್ಷ ಊದಿ ಊದಿ ತಾನು ಯಾರಿಗೂ ಕೇಳಿಸುವುದಿಲ್ಲ ಎಂಬುದು ಅವನಿಗೆ ಅಭ್ಯಾಸವಾಗಿತ್ತು. ಅವನ ಸರದಿ ಬಂದರೆ ಸಾಹೇಬರು ಗಲ್ಲ ಎತ್ತಿ ಸನ್ನೆ ಮಾಡುವರು, ಅವನು ನೆಲ ನೋಡುವನು.

"ನಿಂತ್ಕೋ. ನಿಂದೇನು ಅದು ನುಡ್ಸು."

"ನಂದು ಅಂತ ಎಂತದೂ ಇಲ್ಲ ಸಾಹೇಬ್ರೆ. ನಾನು ಇವ್ರ ಸಂಗಡ ಊದೋನು."

"ಕಾಯ್ತೀನಿ," ಎನ್ನುವರು ಸಾಹೇಬರು. ಎಲ್ಲರೂ ಕಾಯುವುದು. ಅಂತೋಣಿ ಏಳುವುದಿಲ್ಲ. ರಾಮಣ್ಣ ಬೀಡಿ ಹಚ್ಚುವನು. "ಅವ್ನು ಏಳೋದ್ರೊಳಗೆ ನಾನೊಂದು ನಿದ್ದೆ ತೆಗೀತೀನಿ, ಎಬ್ಸಿ ಮಾರಾಯ್ರೆ." ಕಡೆಗೆ ಸಾಹೇಬರು ನಕ್ಕು ಮುಂದಿನ ಹಾಡಿಗೆ ಹೋಗುವರು. ಹೀಗೆ ಒಂದು ವರ್ಷ. ಆಗದ ಕೆಲಸ ಬಿಟ್ಟುಬಿಡಬೇಕೆಂಬ ಬುದ್ಧಿ ಆ ಮನುಷ್ಯನಿಗೆ ಬರಲಿಲ್ಲ.

ಆ ವರ್ಷವೇ ನನ್ನ ತಂಗಿಯ ಮದುವೆ ನಿಶ್ಚಯವಾದದ್ದು. ತಂದೆ ಇರಲಿಲ್ಲ, ಜವಾಬ್ದಾರಿ ನನ್ನದು. ಅದಕ್ಕೂ ಮೊದಲು ಅವಳಿಗೆ ಒಂದು ಸಂಬಂಧ ಕೂಡಿಬಂದಿತ್ತು. ನಿಶ್ಚಿತಾರ್ಥಕ್ಕೆ ನಾವು ಹೋಗುತ್ತಿದ್ದ ಬಸ್ಸು ದಾರಿಯಲ್ಲಿ ಕೆಟ್ಟು, ನಿಶ್ಚಯದ ಮುಹೂರ್ತ ಮೀರಿ, ಅದು ಅಪಶಕುನವೆಂದು ಗಂಡಿನ ಕಡೆಯವರು ಹಿಂದೆ ಸರಿದಿದ್ದರು. ಅಮ್ಮ ಆಮೇಲೆ ಬಹಳ ದಿನ ಯಾರ ಮನೆಗೂ ಹೋಗಲಿಲ್ಲ. ತಂಗಿ ಮಾತ್ರ ಏನೂ ಆಗದವಳಂತೆ ಇದ್ದಳು. ಅದನ್ನು ನೋಡುವುದು ಇನ್ನೂ ಕಷ್ಟವಾಗಿತ್ತು. ಈಗ ಬಂದದ್ದು ತೀರ್ಥಹಳ್ಳಿಯ ಸಂಬಂಧ. ಗಂಡಿನ ತಂದೆ ನಿವೃತ್ತ ಹೆಡ್ ಮಾಸ್ತರರು. ಒಂದೇ ಮಾತು ಹೇಳಿದ್ದರು. "ಹಿಂದೆ ನಡೆದದ್ದು ನಮಗೂ ಗೊತ್ತು. ನಾವು ಅದನ್ನು ಹಿಡಿಯೋದಿಲ್ಲ. ಆದ್ರೆ ಮುಹೂರ್ತ ತಪ್ಪಬಾರದು. ಇನ್ನೊಂದು ಸಲ ತಪ್ಪಿದ್ರೆ ನಮ್ಮ ಮನೆ ಹೆಂಗಸರನ್ನ ಒಪ್ಪಿಸೋದು ನನ್ನ ಕೈಲಾಗೋದಿಲ್ಲ."

ಬ್ಯಾಂಡ್ ಬೇಡವೆಂದೇ ನಾನಿದ್ದೆ. ಅಮ್ಮ ಕೇಳಲಿಲ್ಲ. ಸಾಹೇಬರು ಆಗಾಗ ನಮ್ಮ ಮನೆಗೆ ಬಂದು ಊಟಕ್ಕೆ ಕೂತಲ್ಲೇ ತಟ್ಟೆ ಲೋಟ ಬಡಿದು ನನ್ನ ತಂಗಿಯನ್ನು ನಗಿಸುತ್ತಿದ್ದರು. ಆ ಸಂಬಂಧ ಮುರಿದ ಮೇಲೆ ಅವಳು ಬಾಯಿಬಿಟ್ಟು ನಕ್ಕದ್ದು ಅವರು ಬಂದಾಗ ಮಾತ್ರ ಎಂಬುದು ಅಮ್ಮನ ಲೆಕ್ಕ. ಸರಿ ಎಂದು ಸಾಹೇಬರ ಬಳಿ ಹೋದೆ.

"ದಿಬ್ಬಣ ಬಸ್ ಸ್ಟ್ಯಾಂಡಿನಿಂದ ಛತ್ರಕ್ಕೆ. ನಡೀತಾ ಇರಬೇಕು. ಎಲ್ಲೂ ನಿಲ್ಲಬಾರದು. ನಿಮ್ಮ ಒಬ್ಬೊಬ್ಬರೇ ನುಡಿಸೋದು ಬೇಡವೇ ಬೇಡ."

"ಆಯ್ತು ಟೈಮ್."

"ಮಾತು ಕೊಡಿ."

ಕೈ ಮೇಲೆ ಕೈ ಇಟ್ಟರು. ಆ ಮಾತನ್ನು ಅವರು ಮುರಿಯಲಿಲ್ಲ ಎಂದು ನಾನು ಹೇಳಲೇಬೇಕು. ಕೋಪ ಇರುವುದೇ ಅದಕ್ಕೆ. ಮುರಿದಿದ್ದರೆ ಅವರ ಮೇಲೆ ಹಾಕಿ ಸುಮ್ಮನಾಗಬಹುದಿತ್ತು.

ಮದುವೆಯ ಬೆಳಿಗ್ಗೆ ತೀರ್ಥಹಳ್ಳಿಯ ಬಸ್ಸು ಹೇಳಿದ ಹೊತ್ತಿಗೇ ಬಂತು. ಬ್ಯಾಂಡು ಸಿದ್ಧವಾಗಿತ್ತು. ಸಾಹೇಬರು ಅಮ್ಮ ಕೊಟ್ಟ ಶಲ್ಯವನ್ನು ಕೋಟಿನ ಮೇಲೆ ಹೊದ್ದು, ಬ್ಯಾಂಡಿಗೆ ಮುಖ ಮಾಡಿ, ರಸ್ತೆಯಲ್ಲಿ ಹಿಂದು ಹಿಂದಕ್ಕೆ ಹೆಜ್ಜೆ ಹಾಕುತ್ತ ನಡೆದರು. ಹಿಂದಕ್ಕೆ ನಡೆಯುವ ಮನುಷ್ಯನನ್ನು ಸಾಗರದ ಜನ ಬಾಗಿಲಿಗೆ ಬಂದು ನೋಡಿದರು. ನಾನು ವಾಚು ನೋಡಿದೆ. ಹೊತ್ತು ಬೇಕಾದಷ್ಟಿತ್ತು.

ಅರ್ಧ ದಾರಿಯಲ್ಲಿ ರಾಮಣ್ಣ ಉಸಿರು ತೆಗೆದುಕೊಳ್ಳಲು ಟ್ರಂಪೆಟ್ ಇಳಿಸಿದ. ಆ ಸಂದಿನಲ್ಲಿ ಅಂತೋಣಿಯ ಕ್ಲಾರಿನೆಟ್ ಕೇಳಿಸಿತು. ಯಾರೂ ಸನ್ನೆ ಮಾಡಿರಲಿಲ್ಲ. ಅವನೇ ಎರಡು ಹೆಜ್ಜೆ ಮುಂದೆ ಬಂದ, ಕಣ್ಣು ಮುಚ್ಚಿಕೊಂಡ, ನಿಂತ, ನುಡಿಸತೊಡಗಿದ. ಬ್ಯಾಂಡಿನವರು ಒಬ್ಬರ ಮುಖ ಒಬ್ಬರು ನೋಡಿದರು. ಅವರ ಅಭ್ಯಾಸವೆಲ್ಲ ಆದದ್ದು ಕುರ್ಚಿಯ ಮೇಲೆ. ಒಬ್ಬ ನಿಂತರೆ ಉಳಿದವರು ಕೂತಿರಬೇಕು. ಇಲ್ಲಿ ಕುರ್ಚಿ ಇಲ್ಲ, ಆದರೆ ಅಂತೋಣಿ ನಿಂತಿದ್ದಾನೆ.

"ಅಂತೋಣಿ ಎದ್ದನಲ್ಲ ಮಾರಾಯ," ಎಂದು ಹುಸೇನ್ ಸಾಬರು ಡ್ರಮ್ಮು ಸಮೇತ ನಡುರಸ್ತೆಯಲ್ಲಿ ಕುಳಿತರು. ರಾಮಣ್ಣ ಕುಳಿತ. ಉಳಿದವರೂ ಕುಳಿತರು. ಸಾಹೇಬರು ಒಂದು ಗಳಿಗೆ ನೋಡಿದರು. ಆಮೇಲೆ ಅವರೂ ಆ ದಪ್ಪ ಶರೀರವನ್ನು ಇಳಿಸಿ ಧೂಳಿನಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತರು.

ನಾನು ಓಡಿದೆ. "ಏಳ್ಸಿ ಸಾಹೇಬ್ರೆ. ಮಾತು ಕೊಟ್ಟಿದ್ರಿ ನೀವು."

"ನಾನು ಹೇಳ್ಲಿಲ್ಲ. ಅವನೇ ನಿಂತ."

"ನಿಲ್ಲಿಸೋಕೆ ಹೇಳಿ ಹಾಗಾದ್ರೆ."

ಅವರು ನನ್ನ ಕಡೆ ನೋಡಲೂ ಇಲ್ಲ. "ನಾನು ಒಂದು ವರ್ಷ ಕಾದೆ, ಟೈಮ್. ನೀನು ಸ್ವಲ್ಪ ಕಾಯಿ."

ಕಾಯಲು ನನ್ನ ಹತ್ತಿರ ಹೊತ್ತು ಎಲ್ಲಿತ್ತು. ತಂಗಿ ಛತ್ರದಲ್ಲಿ ಹಸೆಗೆ ಬರಲು ಸಿದ್ಧಳಾಗಿ ಕೂತಿದ್ದಾಳೆ. ಅಷ್ಟರಲ್ಲಿ ಹೆಡ್ ಮಾಸ್ತರರು ಮದುಮಗನ ಜೀಪಿನ ಪಕ್ಕದಿಂದ ದಾಪುಗಾಲು ಹಾಕುತ್ತ ಬಂದರು. ಮುಖ ಕೆಂಪಾಗಿತ್ತು. ಅವರ ಹಿಂದೆಯೇ ಅವರ ಅಕ್ಕ, ಆ ಮನೆಗೆ ಹಿರಿಯರು.

"ಏನ್ರೀ ಇದು? ಯಾಕೆ ಕೂತಿದ್ದಾರೆ?"

ಅಕ್ಕನವರು ತಮ್ಮನ ತೋಳು ಹಿಡಿದು ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು. "ಸುಮ್ನಿರೋ. ಸಾಗರದವ್ರ ಕಡೆ ಶಾಸ್ತ್ರ ಇರ್ಬೇಕು. ಗೊತ್ತಿಲ್ದೆ ಬಾಯಿ ಹಾಕ್ಬೇಡ." ಎಂದವರೇ ಸೀರೆ ಸರಿಮಾಡಿಕೊಂಡು ಕುಳಿತರು. ಅವರು ಕುಳಿತದ್ದು ಕಂಡು ತೀರ್ಥಹಳ್ಳಿಯ ಹೆಂಗಸರೆಲ್ಲ ಕುಳಿತರು. ಅದನ್ನು ನೋಡಿ ನಮ್ಮ ಸೋದರಮಾವ ನನ್ನ ಕಿವಿಯಲ್ಲಿ, "ತೀರ್ಥಹಳ್ಳಿ ಕಡೆಯೋರು ದಿಬ್ಬಣದಲ್ಲಿ ಹೀಗೆ ಕೂರ್ತಾರೆ ಅಂತ ಮೊದಲೇ ಹೇಳ್ಬಾರದಾ? ಒಂದು ಚಾಪೆ ಆದ್ರೂ ತರ್ತಿದ್ವಿ," ಎಂದು ಗೊಣಗಿ ತಾವೂ ಕುಳಿತರು. ದಾರಿ ಸಿಗದೆ ಹಿಂದೆ ನಿಂತ ಬಸ್ಸಿನ ಕಂಡಕ್ಟರು ಜಗಳಕ್ಕೆಂದು ಇಳಿದು ಬಂದವನು, ಇಷ್ಟು ಜನ ಕೂತದ್ದನ್ನು ಕಂಡು ಚಪ್ಪಲಿ ಬಿಟ್ಟು ಕೈಕಟ್ಟಿ ನಿಂತ.

"ನಿಮ್ಮ ಕಡೆಯ ಶಾಸ್ತ್ರವಾ?" ಹೆಡ್ ಮಾಸ್ತರರು ಕೇಳಿದರು.

ಅಲ್ಲ ಎಂದರೆ, ಬ್ಯಾಂಡಿನವರ ಹುಚ್ಚಾಟಕ್ಕೆ ಬೀಗರನ್ನು ಬೀದಿಯಲ್ಲಿ ಕೂರಿಸಿದವನಾಗುತ್ತೇನೆ. ಈ ಸಂಬಂಧವೂ ಹೋಯಿತು.

"ಹೌದು," ಎಂದೆ.

"ಮುಹೂರ್ತಕ್ಕೆ ಮುಂಚೆ ಮುಗಿಯುತ್ತಾ?"

"ಮುಗಿಯುತ್ತೆ. ಕೂತ್ಕೊಳ್ಳಿ."

ಅವರು ವಲ್ಲಿ ಮಡಿಸಿ ಹಾಸಿ ಕುಳಿತರು. ನಾನೂ ಅವರ ಪಕ್ಕ ಕುಳಿತೆ. ಅಂತೋಣಿ ಊದುತ್ತಲೇ ಇದ್ದ. ಸಂಗೀತ ನನಗೆ ತಿಳಿಯುವುದಿಲ್ಲ. ಅವನು ಮೊದಲು ಹೆದರಿ ಹೆದರಿ ಊದಿದ, ಆಮೇಲೆ ಹೆದರಿಕೆ ಬಿಟ್ಟ, ಅಷ್ಟು ಹೇಳಬಲ್ಲೆ. ಒಂದು ಕಡೆ ನಿಲ್ಲಿಸುವವನಂತೆ ಉಸಿರು ತೆಗೆದ. ನಾನು ಏಳಲು ಕೈ ಊರಿದೆ. ಅವನು ಮತ್ತೆ ಶುರುಮಾಡಿದ. ಸಾಹೇಬರ ಕಣ್ಣಿನಿಂದ ನೀರು ಇಳಿದು ಧೂಳಿನ ಮುಖದಲ್ಲಿ ಗೆರೆ ಮೂಡಿತ್ತು. ಅಳುವುದಕ್ಕೆ ಅವರಿಗೆ ಬೇರೆ ದಿನ ಸಿಗಲಿಲ್ಲ.

ಮುಗಿದ ಮೇಲೆ ಎಲ್ಲರೂ ಎದ್ದು ಬಟ್ಟೆ ಕೊಡವಿಕೊಂಡರು. ಛತ್ರದ ತನಕ ನಾನು ದಿಬ್ಬಣವನ್ನು ನಡೆಸಲಿಲ್ಲ, ಓಡಿಸಿದೆ. ಪುರೋಹಿತರು ನನ್ನ ಮುಖ ನೋಡಿ ಎದುರುಗೊಳ್ಳುವ ಶಾಸ್ತ್ರಗಳನ್ನು ಮೊಟಕು ಮಾಡಿದರು. ಮುಹೂರ್ತ ತಪ್ಪಲಿಲ್ಲ. ತಾಳಿ ಕಟ್ಟಿದ್ದನ್ನು ಕಂಡು ಅಮ್ಮ ಕಂಬಕ್ಕೆ ಒರಗಿ ಕುಳಿತುಬಿಟ್ಟಳು. ಊಟಕ್ಕೆ ಕೂತಾಗ ಹೆಡ್ ಮಾಸ್ತರರು, "ನಿಮ್ಮ ಶಾಸ್ತ್ರ ಚೆನ್ನಾಗಿದೆ. ಮದುವೆ ಗಡಿಬಿಡಿಯಲ್ಲಿ ಹಾಗೆ ಒಂದು ಗಳಿಗೆ ಕೂರೋದು ಒಳ್ಳೇದೇ. ಸ್ವಲ್ಪ ಉದ್ದವಾಯ್ತು ಅಷ್ಟೇ," ಎಂದರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವರ ಎರಡನೇ ಮಗನ ಮದುವೆಗೆ ಅಕ್ಕನವರು ಹಟ ಹಿಡಿದರು. ದೊಡ್ಡವನ ಮದುವೆಯಲ್ಲಿ ಕೂತಿದ್ದೇವೆ, ಇವನಿಗೆ ಬಿಟ್ಟರೆ ಒಳ್ಳೆಯದಲ್ಲ. ಸಾಗರದ ಬ್ಯಾಂಡನ್ನು ತೀರ್ಥಹಳ್ಳಿಗೆ ಕರೆಸಿದರು. ಅಲ್ಲಿ ನೋಡಿದವರು ತಮ್ಮ ಮನೆಗಳಲ್ಲಿ ಮಾಡಿಸಿದರು. ಅಲ್ಲಿಂದ ಹೊಸನಗರಕ್ಕೆ ಹೋಯಿತು. ಕೂರುವಾಗ ಪೂರ್ವಕ್ಕೆ ಮುಖ ಮಾಡಬೇಕೆಂದು ಯಾರೋ ಸೇರಿಸಿದರು. ಎದ್ದ ಮೇಲೆ ಕ್ಲಾರಿನೆಟ್ಟಿನವನಿಗೆ ಎಲೆಯಡಿಕೆ ಕೊಡಬೇಕೆಂದು ಇನ್ನಾರೋ ಸೇರಿಸಿದರು. ನಾನು ಸಿಕ್ಕವರಿಗೆಲ್ಲ ನಿಜ ಹೇಳಿದೆ. ಯಾರೂ ನಂಬಲಿಲ್ಲ. ಟೈಮ್ ಮಾಮನಿಗೆ ಯಾವಾಗಲೂ ಅವಸರ ಎಂದರು.

ಸಾಹೇಬರ ಕೆಲಸ ಮುಗಿದು ಅವರು ಹೊರಟ ದಿನ ತಾಳಗುಪ್ಪದ ಸ್ಟೇಷನ್ನಿಗೆ ನಾನು ಹೋಗಿದ್ದೆ. ರೈಲು ಬಿಡುವ ಮೊದಲು ಕಿಟಕಿಯಿಂದ ಕೇಳಿದರು.

"ನಾನು ಹೋದ್ಮೇಲೂ ಕೂರ್ತಾರಾ, ಟೈಮ್?"

"ಒಂದು ಮಳೆಗಾಲ ಕಳೀಲಿ. ಎಲ್ಲ ಮರೆತುಬಿಡ್ತಾರೆ," ಎಂದೆ.

ಅವರು ತಲೆಯಾಡಿಸಿದರು. ಕಿಟಕಿಯ ಸರಳಿನ ಮೇಲೆ ಬೆರಳು ಬಡಿಯಲಿಲ್ಲ. "ನೀನು ಟೈಮ್. ನಿನಗೆ ಗೊತ್ತಿರತ್ತೆ," ಎಂದರು. ಆ ಆಲೂಗಡ್ಡೆ ಗೋದಾಮಿನ ಊರಿಗೆ ಹಿಂತಿರುಗಿದ ಮೇಲೆ ಅವರು ಮತ್ತೆ ಬ್ಯಾಂಡ್ ಕಟ್ಟಲಿಲ್ಲವಂತೆ.

ಹೊಸನಗರದ ರಸ್ತೆಗೆ ಬರುತ್ತೇನೆ. ಮಂಡಿನೋವಿದ್ದರೂ ನಾನೂ ಹೇಗೋ ತಂಗಿಯ ಪಕ್ಕ ಕುಳಿತಿದ್ದೆ. ಕ್ಲಾರಿನೆಟ್ಟಿನವನು ಅಂತೋಣಿಯನ್ನು ನೋಡಿದವನೂ ಅಲ್ಲ. ಮೊದಲು ಹೆದರಿ ಹೆದರಿ ಊದಿದ. ಹೆದರಿಕೆ ಬಿಡುತ್ತಿದ್ದ ಹಾಗೆ ಕಾಣುತ್ತಿತ್ತು. ಅಷ್ಟರಲ್ಲಿ ಹುಡುಗಿಯ ತಂದೆ ಅವನಿಗೆ ಕೈ ಬೀಸಿ ಸಾಕೆಂದು ಸನ್ನೆ ಮಾಡಿದರು. ಅವನು ನಡುವೆಯೇ ನಿಲ್ಲಿಸಿದ. ಜನ ಏಳತೊಡಗಿದರು.

"ಏಳು ಅಣ್ಣ," ಎಂದಳು ತಂಗಿ. "ನಿನಗೆ ಬೇಕಾದ ಹಾಗೇ ಆಯ್ತಲ್ಲ, ಬೇಗ ಮುಗೀತು."

ನಾನು ಏಳಲಿಲ್ಲ. ಕ್ಲಾರಿನೆಟ್ಟಿನವನನ್ನು ಕರೆದೆ.

"ಯಾಕಪ್ಪ ನಿಲ್ಲಿಸಿದೆ?"

"ಅವ್ರು ಸಾಕು ಅಂದ್ರು ಸಾರ್."

"ಅವ್ರು ಅಂದದ್ದು ಇರ್ಲಿ. ನಿಂದು ಮುಗೀತಾ?"

ಅವನು ನನ್ನನ್ನೂ ಹುಡುಗಿಯ ತಂದೆಯನ್ನೂ ನೋಡಿದ. "ಇಲ್ಲ ಸಾರ್."

"ಮತ್ತೆ?"

ತಂಗಿ ಸೆರಗು ಸರಿಮಾಡಿಕೊಂಡು ಮತ್ತೆ ನನ್ನ ಪಕ್ಕ ಕುಳಿತಳು. ಬ್ಯಾಂಡಿನವರು ಕುಳಿತರು. ಹುಡುಗಿಯ ತಂದೆ ಗಾಬರಿಯಿಂದ ಬಂದರು. "ಶಾಸ್ತ್ರ ಆಗ್ಲಿಲ್ವಾ ಸಾರ್? ಮುಹೂರ್ತಕ್ಕೆ ಹೊತ್ತಾಯ್ತು."

ನಾನು ವಾಚು ನೋಡಿದೆ. ಹೊತ್ತಾಗಿತ್ತು.

"ಇನ್ನೂ ಇಲ್ಲ," ಎಂದೆ. "ಕೂತ್ಕೊಳ್ಳಿ."